ಸಂಜೆ ಒಂದು ಗಂಟೆಯಲ್ಲಿ ಮನೆ ಅಡುಗೆ: ಹೊತ್ತು ಎಲ್ಲಿ ಸೋರುತ್ತದೆ, ಎಲ್ಲಿ ಉಳಿಸಬಹುದು?

ಹರಿವಾಣ:

ಎಲ್ಲರಿಗೂ ನಮಸ್ಕಾರ. ನಾಲ್ಕು ಜನರ ಮನೆ. ಸಂಜೆ 7ಕ್ಕೆ ಅಡುಗೆಮನೆಗೆ ಕಾಲಿಟ್ಟರೆ 8ಕ್ಕೆ ಬಡಿಸಬೇಕು. ವಾರಕ್ಕೊಮ್ಮೆ, ಭಾನುವಾರ ಅಂದುಕೊಳ್ಳಿ, ಎರಡು ಗಂಟೆ ಪೂರ್ತಿ ಬಿಡುವು ಸಿಗುತ್ತದೆ. ಎರಡು ಬರ್ನರ್ ಸ್ಟವ್, 5 ಲೀಟರ್ ಕುಕ್ಕರ್, ಮಿಕ್ಸಿ, ಫ್ರಿಡ್ಜ್, ಒಂದು ಸಣ್ಣ ಫ್ರೀಜರ್ ಇವೆ. ಹದಿನೈದು ನಿಮಿಷದ ರೆಸಿಪಿಗಳ ಪಟ್ಟಿ ಬೇಡ. ಅವು ಎಲ್ಲೆಡೆ ಸಿಗುತ್ತವೆ, ಆದರೆ ತೊಳೆದು ಸುಲಿದು ಹೆಚ್ಚುವ ಹೊತ್ತನ್ನು ಅವು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ನನಗೆ ಬೇಕಿರುವುದು ಕೆಲಸದ ಕ್ರಮ. ಯಾವುದನ್ನು ಮೊದಲೇ ಮಾಡಿಡಬೇಕು, ಯಾವುದನ್ನು ಆ ಹೊತ್ತಿಗೇ ಮಾಡಬೇಕು, ಮಾಡಿಟ್ಟದ್ದು ಎಷ್ಟು ದಿನ ಉಳಿಯುತ್ತದೆ?

ಈಳಿಗೆಮಣೆ:

ಮೊದಲು ಒಂದೇ ಒಂದು ಸಂಜೆ ಗಡಿಯಾರ ನೋಡಿ ಬರೆದುಕೊಳ್ಳಿ. ಬೇಯುವ ಹೊತ್ತು ಒಂದು ಕಡೆ, ಕೈ ಆಡಿಸುವ ಹೊತ್ತು ಇನ್ನೊಂದು ಕಡೆ. ಅನ್ನಕ್ಕೆ 20 ನಿಮಿಷ ಬೇಕು, ಆದರೆ ಅದರಲ್ಲಿ ಕೈಗೆ ಕೆಲಸ ಮೂರೇ ನಿಮಿಷ. ಈರುಳ್ಳಿ ಸುಲಿದು, ಹೆಚ್ಚಿ, ಕೆಂಪಗೆ ಬಾಡಿಸಲು 25 ನಿಮಿಷ ಬೇಕು, ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತಿರಬೇಕು. ಉಳಿಸಬೇಕಾದದ್ದು ಈ ಎರಡನೆಯ ಬಗೆಯ ಹೊತ್ತನ್ನು. ಬೇಯುವ ಹೊತ್ತು ತಾನಾಗಿ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾಗಿ ಭಾನುವಾರ ಪೂರ್ತಿ ಅಡುಗೆ ಮಾಡಿ ಡಬ್ಬಿ ತುಂಬಿಡಬೇಡಿ, ಅರ್ಧ ಅಡುಗೆ ಮಾಡಿಡಿ. ಪೂರ್ತಿಯಾಗಿ ಮಾಡಿಟ್ಟದ್ದು ಮೂರನೆಯ ದಿನಕ್ಕೆ ಬೇಸರ ತರಿಸುತ್ತದೆ, ತರಕಾರಿ ಮೆತ್ತಗಾಗಿ ಹದ ಕಳೆದುಕೊಳ್ಳುತ್ತದೆ, ಕೊನೆಗೆ ಅರ್ಧ ಚೆಲ್ಲಬೇಕಾಗುತ್ತದೆ. ಬೇಯಿಸಿದ ಕಾಳು, ಬಾಡಿಸಿದ ಈರುಳ್ಳಿ, ಹೆಚ್ಚಿದ ತರಕಾರಿ ಬೇರೆ ಬೇರೆಯಾಗಿ ಇದ್ದರೆ ಒಂದು ದಿನ ಗೊಜ್ಜಾಗಿ, ಇನ್ನೊಂದು ದಿನ ಒಣ ಪಲ್ಯವಾಗಿ, ಮತ್ತೊಂದು ದಿನ ಅನ್ನಕ್ಕೆ ಕಲಸಲು ಬರುತ್ತವೆ.

ಎರಡು ಗಂಟೆಯ ಕ್ರಮ ಹೀಗೆ. ಹಿಂದಿನ ರಾತ್ರಿಯೇ 500 ಗ್ರಾಂ ಒಣ ಕಾಳು ನೆನೆಹಾಕಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ, ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಿಜವಲ್ಲ. ಬೇಯದಂತೆ ಮಾಡುವುದು ಹುಳಿ. ಟೊಮೆಟೊ, ಹುಣಸೆ, ನಿಂಬೆ ಯಾವುದನ್ನೇ ಆಗಲಿ ಕಾಳು ಪೂರ್ತಿ ಮೆತ್ತಗಾದ ಮೇಲಷ್ಟೇ ಸೇರಿಸಿ. ನೆನೆಹಾಕಲು ಮರೆತಿದ್ದರೆ ಕಾಳನ್ನು 2 ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ.

ಬೆಳಿಗ್ಗೆ ನೀರು ಬಸಿದು ತೊಳೆದು ಕುಕ್ಕರ್‌ಗೆ ಹಾಕಿ, ಕಾಳಿನ ಮೇಲೆ ಎರಡು ಬೆರಳಗಲ ನೀರು ನಿಲ್ಲಲಿ. 500 ಗ್ರಾಂ ನೆನೆದು ಬೆಂದಾಗ 1.1 ರಿಂದ 1.2 ಕಿಲೋ ಆಗುತ್ತದೆ, ಅಂದರೆ ನಾಲ್ಕು ಜನಕ್ಕೆ ಎರಡು ಊಟಕ್ಕೆ ಸಾಕು. ಅದು ಬೇಯುತ್ತಿರುವಾಗ ಒಂದೂವರೆ ಕಿಲೋ ಈರುಳ್ಳಿ ಹೆಚ್ಚಿ. ಅದನ್ನು ಎರಡನೆಯ ಉರಿಗೆ ಏರಿಸಿ, ಬಾಡುವ ಹೊತ್ತಿನಲ್ಲಿ ತರಕಾರಿ ತೊಳೆದು ಹೆಚ್ಚಿ. ಕೊನೆಯ 20 ನಿಮಿಷ ಡಬ್ಬಿ ತುಂಬಲು, ಪಾತ್ರೆ ತೊಳೆಯಲು. ಆ 20 ನಿಮಿಷವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳದವರಿಗೆ ಎರಡು ಗಂಟೆ ಮೂರಾಗುತ್ತದೆ.

ಒಲೆಗುಂಡು:

ಕಾಳಿನ ವಿಷಯಕ್ಕೆ ಒಂದು ಎಚ್ಚರಿಕೆ. ಕೆಂಪು ರಾಜ್ಮಾ ಕಾಳಿನಲ್ಲಿ ಸಹಜವಾಗಿಯೇ ಒಂದು ಲೆಕ್ಟಿನ್ ವಿಷ ಇರುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುಕ್ಕರ್‌ನಲ್ಲಿ ಈ ತೊಂದರೆ ಇಲ್ಲ. ಆದರೆ ಸ್ಲೋ ಕುಕ್ಕರ್‌ಗೆ ಹಸಿಯಾಗಿ ಹಾಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವುದು ಅಪಾಯ. ಅದು ಕುದಿಯುವ ಮಟ್ಟಕ್ಕೆ ಏರದೇ ಇರಬಹುದು. ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ವಾಂತಿ, ಭೇದಿ ಮಾಡಿಸುತ್ತದೆ.

ಇನ್ನು ಕುಕ್ಕರ್. ದಯವಿಟ್ಟು ವಿಷಲ್ ಎಣಿಸುವುದನ್ನು ಬಿಡಿ. ಉರಿ ದೊಡ್ಡದಿದ್ದರೆ ಐದು ನಿಮಿಷದಲ್ಲಿ ನಾಲ್ಕು ಕೂಗುತ್ತದೆ, ಸಣ್ಣದಿದ್ದರೆ ಕಾಲು ಗಂಟೆಗೆ ಒಂದು. ಒಳಗಿನ ಶಾಖ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ಸುಮಾರು 120 ಡಿಗ್ರಿ ಸೆಲ್ಸಿಯಸ್. ಕೂಗು ಎಂದರೆ ಹೆಚ್ಚಾದ ಹಬೆ ಹೊರಗೆ ಹೋಗುವುದು, ಅದರ ಜೊತೆ ನೀರೂ ಗ್ಯಾಸೂ ಹೋಗುತ್ತವೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣದು ಮಾಡಿ, ಅಲ್ಲಿಂದ ನಿಮಿಷ ಎಣಿಸಿ. ನೆನೆದ ಕಡಲೆಗೆ 12 ರಿಂದ 15 ನಿಮಿಷ, ನೆನೆದ ರಾಜ್ಮಾಕ್ಕೆ 10, ಒಡೆದ ಬೇಳೆಗೆ 6 ರಿಂದ 8. ಆಮೇಲೆ ಒತ್ತಡ ತಾನಾಗಿ ಇಳಿಯಲಿ. ತೂಕ ಎತ್ತಿ ಒಮ್ಮೆಗೇ ಹಬೆ ಬಿಟ್ಟರೆ ಕಾಳಿನ ಸಿಪ್ಪೆ ಒಡೆದು ನೊರೆ ನಳಿಕೆಗೆ ಏರುತ್ತದೆ.

ಕಾಳು, ಬೇಳೆ ಹಾಕಿದಾಗ ನೀರೂ ಸೇರಿ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಿರಬಾರದು. ಉಳಿದದ್ದಕ್ಕೆ ಮೂರರಲ್ಲಿ ಎರಡು ಭಾಗದವರೆಗೆ ಪರವಾಗಿಲ್ಲ. 500 ಗ್ರಾಂ ಕಾಳಿಗೆ ನಿಮ್ಮ 5 ಲೀಟರ್ ಕುಕ್ಕರ್ ಸರಿಯಾಗುತ್ತದೆ, 750 ಗ್ರಾಂ ಹಾಕಲು ಹೋಗಬೇಡಿ.

ಹರಿವಾಣ:

ಕಾಳು ಕೆಲವೊಮ್ಮೆ 40 ನಿಮಿಷವಾದರೂ ಗಟ್ಟಿಯಾಗಿಯೇ ಉಳಿಯುವುದು ಏಕೆ? ಹುಳಿ ಹಾಕಿರುವುದಿಲ್ಲ.

ಒಲೆಗುಂಡು:

ಎರಡೇ ಕಾರಣ. ಒಂದು, ಕಾಳು ಹಳೆಯದು. ಸೆಕೆಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳಿನ ಒಳಗೇ ಬದಲಾವಣೆ ಆಗಿರುತ್ತದೆ, ಎಷ್ಟು ನೆನೆಸಿದರೂ ಮೆತ್ತಗಾಗದು. ಎರಡು, ಗಡಸು ನೀರು. ನೀರಿನ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ (ಕಾಳಿನ ಕೋಶಗಳನ್ನು ಅಂಟಿಸಿ ಹಿಡಿಯುವ ಅಂಶ) ಜೊತೆ ಕಟ್ಟಿಕೊಂಡು ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನೀರು ಕಾರಣವಾಗಿದ್ದರೆ ನೆನೆಸುವ ನೀರಿಗೆ ಲೀಟರ್‌ಗೆ ಕಾಲು ಚಮಚ ಅಡುಗೆ ಸೋಡಾ ಸಾಕು, ಬೇಯಿಸುವ ಮುನ್ನ ಚೆನ್ನಾಗಿ ತೊಳೆಯಿರಿ. ಸೋಡಾ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಕಾಳು ಹಿಟ್ಟಾಗುತ್ತದೆ. ಕಾಳೇ ಹಳೆಯದಾಗಿದ್ದರೆ ಬೇರೆ ತನ್ನಿ.

ಸೌಟು:

ಈರುಳ್ಳಿಗೆ ಬರೋಣ, ಭಾನುವಾರದ ಕೆಲಸದಲ್ಲಿ ಹೆಚ್ಚು ಕೆಡುವುದು ಅದೇ. ಒಂದೂವರೆ ಕಿಲೋ ಹಸಿ ಈರುಳ್ಳಿ ಒಂದು ಬಾಣಲೆಯಲ್ಲಿ ಗುಡ್ಡೆಯಾಗುತ್ತದೆ. ದೊಡ್ಡ ಉರಿಯಲ್ಲಿ ಇಟ್ಟರೆ ಅಂಚು ಸೀದು ಕಹಿಯಾಗುತ್ತದೆ, ನಡುವೆ ಹಸಿಯಾಗಿಯೇ ಇರುತ್ತದೆ. ಅಗಲವಾದ, ದಪ್ಪ ತಳದ ಪಾತ್ರೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ, ಈರುಳ್ಳಿ, ಒಂದು ಸಣ್ಣ ಚಮಚ ಉಪ್ಪು ಹಾಕಿ, ಮಧ್ಯಮ ಉರಿಯಲ್ಲಿ ಮೊದಲ 10 ನಿಮಿಷ ಮುಚ್ಚಳ ಮುಚ್ಚಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಹಬೆ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸುತ್ತದೆ. ಆಮೇಲೆ ಮುಚ್ಚಳ ತೆಗೆದುಬಿಡಿ. ಆ ನೀರು ಪೂರ್ತಿ ಆರುವವರೆಗೆ ಬಣ್ಣ ಬರುವುದೇ ಇಲ್ಲ, ನೀರಿರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ. ನೀರು ಆರಿದ ಮೇಲೆ ಮೂರು ನಾಲ್ಕು ನಿಮಿಷಕ್ಕೊಮ್ಮೆ ತಿರುವಿ. ತಳ ಹಿಡಿದಾಗ ಎರಡು ಚಮಚ ನೀರು ಹಾಕಿ ಕೆರೆದರೆ ಆ ಕಂದು ಪದರವೇ ಬಣ್ಣವೂ ರುಚಿಯೂ ಆಗುತ್ತದೆ. ಒಟ್ಟು 40 ರಿಂದ 45 ನಿಮಿಷ. ಐದು ನಿಮಿಷದಲ್ಲಿ ಕೆಂಪಾಗುತ್ತದೆ ಎಂದು ಬರೆದಿದ್ದರೆ ನಂಬಬೇಡಿ.

ಕೊನೆಗೆ ಉಳಿಯುವುದು ಮೂರನೆಯ ಒಂದು ಭಾಗ, 450 ರಿಂದ 500 ಗ್ರಾಂ. 90 ರಿಂದ 100 ಗ್ರಾಂನ ಐದು ಪಾಲು ಮಾಡಿ, ಮೂರನ್ನು ಫ್ರಿಡ್ಜ್‌ನಲ್ಲಿ, ಎರಡನ್ನು ಫ್ರೀಜರ್‌ನಲ್ಲಿ ಇಡಿ. ಒಂದು ಪಾಲು ಒಂದು ಸಂಜೆಗೆ.

ಶುಂಠಿ, ಬೆಳ್ಳುಳ್ಳಿ ಸಮ ತೂಕ ಅರೆದು, ಚಮಚ ಚಮಚವಾಗಿ ತಟ್ಟೆಯ ಮೇಲಿಟ್ಟು ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ. ಬೇಕಾದಷ್ಟು ಗುಳಿಗೆ ತೆಗೆದು ನೇರ ಬಿಸಿ ಎಣ್ಣೆಗೆ ಹಾಕಬಹುದು, ಸ್ವಲ್ಪ ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಬೆಳ್ಳುಳ್ಳಿ ಹಸಿರು, ನೀಲಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಅದರ ಗಂಧಕದ ಅಂಶಗಳಿಂದ ಬರುವ ಬಣ್ಣ, ತಿನ್ನಬಹುದು.

ನೆಲುವು:

ಸೌಟು ಅವರ ಮಾತಿಗೆ ಒಂದು ಸೇರಿಕೆ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಡೆ ಇಡುವುದು ಬೇಡವೇ ಬೇಡ. ಎಣ್ಣೆಯ ಕೆಳಗೆ ಗಾಳಿ ಇರುವುದಿಲ್ಲ, ಅಲ್ಲಿ ಬೊಟುಲಿಸಂ ಎಂಬ ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಲ್ಲೂ ರುಚಿಯಲ್ಲೂ ಗೊತ್ತಾಗುವುದಿಲ್ಲ. ಫ್ರಿಡ್ಜ್‌ನಲ್ಲಿದ್ದರೂ ನಾಲ್ಕು ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರ್.

ಹರಿವಾಣ ಅವರು ಎಷ್ಟು ದಿನ ಎಂದು ಕೇಳಿದ್ದರು. ಫ್ರಿಡ್ಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಬೆಂದ ಪದಾರ್ಥ 3 ರಿಂದ 4 ದಿನ. ಭಾನುವಾರ ಬೇಯಿಸಿದ ಕಾಳು ಬುಧವಾರಕ್ಕೆ ಮುಗಿಯಬೇಕು. ಗುರುವಾರ, ಶುಕ್ರವಾರದ ಪಾಲು ಭಾನುವಾರವೇ ಫ್ರೀಜರ್ ಸೇರಬೇಕು, ಬುಧವಾರ ಉಳಿದದ್ದನ್ನು ನೋಡಿಕೊಂಡು ಇಡುವುದಲ್ಲ. ಫ್ರಿಡ್ಜ್‌ನ ಬಾಗಿಲ ಬದಿಗೆ ಬೆಂದ ಪದಾರ್ಥ ಇಡಬೇಡಿ, ಅಲ್ಲಿಯೇ ಶಾಖ ಹೆಚ್ಚು ಏರಿಳಿಯುವುದು. ಒಂದು ಥರ್ಮಾಮೀಟರ್ ಅನ್ನು ನೀರಿನ ಲೋಟದಲ್ಲಿಟ್ಟು ರಾತ್ರಿಯಿಡೀ ಬಿಟ್ಟು ನೋಡಿ, ಗುಂಡಿಯ ಮೇಲಿನ ಅಂಕಿ ನಂಬುವಂಥದ್ದಲ್ಲ.

ಒಲೆಯಿಂದ ಇಳಿಸಿದ ಮೇಲೆ ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಬೇಕು. 5 ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆಳವಾದ ಪಾತ್ರೆಯಲ್ಲಿ ಇಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತದೆ. ಅಗಲ ತಟ್ಟೆಗೆ 5 ಸೆಂಟಿಮೀಟರ್‌ಗಿಂತ ಕಡಿಮೆ ದಪ್ಪದಲ್ಲಿ ಹರಡಿ, ಅವಸರವಿದ್ದರೆ ತಟ್ಟೆಯನ್ನು ತಣ್ಣೀರಿನಲ್ಲಿ ಕೂರಿಸಿ. ಹೊಗೆಯಾಡುವುದು ನಿಂತ ಮೇಲೆ ಇನ್ನೂ ಬೆಚ್ಚಗಿದ್ದರೂ ಫ್ರಿಡ್ಜ್‌ಗೆ ಇಡಬಹುದು, ಪೂರ್ತಿ ತಣ್ಣಗಾಗಲಿ ಎಂದು ಕಾಯಬೇಕಿಲ್ಲ.

ಹರಿವಾಣ:

ರಾತ್ರಿ ಉಳಿದ ಅನ್ನವನ್ನು ಕುಕ್ಕರ್‌ನಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರೆ ಸಾಲದೇ? ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತವಲ್ಲ?

ನೆಲುವು:

ಸಾಲದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಅವು ಕುದಿಸಿದರೂ ಉಳಿಯುತ್ತವೆ. ಬೆಚ್ಚಗಿನ ಅನ್ನದಲ್ಲಿ ಮೊಳೆತು ಬೆಳೆದು ವಿಷ ಬಿಡುತ್ತವೆ. ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ವಾಂತಿ ತರಿಸುವ ಆ ವಿಷ ಶಾಖಕ್ಕೆ ನಾಶವಾಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಹರಡಿ ಆರಿಸಿ, ಆ ರಾತ್ರಿಯೇ ಒಳಗಿಡಿ, ಮಾರನೆಯ ದಿನ ಮುಗಿಸಿ.

ಅನ್ನವನ್ನು ಫ್ರೀಜರ್‌ನಲ್ಲೂ ಇಡಬಹುದು. ಫ್ರಿಡ್ಜ್‌ನಲ್ಲಿ ಅನ್ನ ಗಟ್ಟಿಯಾಗುವುದು ಪಿಷ್ಟ ಮತ್ತೆ ಹರಳುಗಟ್ಟುವುದರಿಂದ. ಫ್ರಿಡ್ಜ್‌ನ ಶಾಖದಲ್ಲಿ ಅದು ಬೇಗ ಆಗುತ್ತದೆ, ಫ್ರೀಜರ್‌ನಲ್ಲಿ ಬಹುಮಟ್ಟಿಗೆ ನಿಂತುಬಿಡುತ್ತದೆ. ಒಬ್ಬರ ಪಾಲನ್ನು ಚೀಲದಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ ಇಟ್ಟರೆ ಬೇಗ ಹೆಪ್ಪುಗಟ್ಟುತ್ತದೆ, ಸಣ್ಣ ಫ್ರೀಜರ್‌ನಲ್ಲಿ ಪುಸ್ತಕದಂತೆ ನಿಲ್ಲಿಸಿಡಬಹುದು. ಬಳಸುವಾಗ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಾಡುವವರೆಗೆ ಬಿಸಿ ಮಾಡಿ.

ಬೆಳ್ಳಿಲೋಟ:

ಈಳಿಗೆಮಣೆ ಅವರ ಅರ್ಧ ಅಡುಗೆಯ ಮಾತು ಒಪ್ಪುತ್ತೇನೆ, ಆದರೆ ತರಕಾರಿ ಹೆಚ್ಚಿಡುವುದನ್ನು ಎಲ್ಲಕ್ಕೂ ಅನ್ವಯಿಸಬಾರದು. ಕ್ಯಾರೆಟ್, ಎಲೆಕೋಸು, ಬೀನ್ಸ್, ಹೂಕೋಸು ಹೆಚ್ಚಿ ಡಬ್ಬಿಯಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತವೆ. ಬದನೆಕಾಯಿ ಕಪ್ಪಾಗುತ್ತದೆ, ಸೌತೆ ನೀರು ಬಿಡುತ್ತದೆ, ಟೊಮೆಟೊ ಹೆಚ್ಚಿಡುವುದರಲ್ಲಿ ಏನೂ ಲಾಭವಿಲ್ಲ, ಒಂದು ನಿಮಿಷದ ಕೆಲಸ ಅದು. ಆಲೂಗಡ್ಡೆ ನೀರಿನಲ್ಲಿ ಮುಳುಗಿಸಿಟ್ಟರೆ ಒಂದು ದಿನ, ಅದಕ್ಕಿಂತ ಹೆಚ್ಚಿಲ್ಲ.

ಹೆಚ್ಚಿದ್ದು ಕೊಳೆಯುವುದು ಹೆಚ್ಚಾಗಿ ಒದ್ದೆಯಿಂದ. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ ಹೆಚ್ಚಿ, ಡಬ್ಬಿಯ ತಳಕ್ಕೆ ಒಣ ಬಟ್ಟೆ ಅಥವಾ ಕಾಗದ ಹಾಕಿ. ಸೊಪ್ಪಿಗೆ ಇದು ಇನ್ನೂ ಮುಖ್ಯ. ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ, ತೊಳೆದು, ನೆರಳಲ್ಲಿ ಆರಿಸಿ, ಬಟ್ಟೆಯಲ್ಲಿ ಸುತ್ತಿಡಿ. ಹಣ್ಣಾಗುತ್ತಿರುವ ಬಾಳೆ, ಸೇಬು, ಟೊಮೆಟೊ ಅದರ ಹತ್ತಿರ ಬೇಡ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಅಡುಗೆಯ ದಿನಗಳನ್ನೂ ಇದಕ್ಕೆ ತಕ್ಕಂತೆ ಹಾಕಿಕೊಳ್ಳಿ. ಸೋಮವಾರ, ಮಂಗಳವಾರ ಸೊಪ್ಪು ಮತ್ತು ನೀರಿನಂಶದ ತರಕಾರಿ. ಬುಧವಾರ ಬೀನ್ಸ್, ಹೂಕೋಸು. ಗುರುವಾರ, ಶುಕ್ರವಾರ ಎಲೆಕೋಸು, ಗೆಡ್ಡೆಗಳು, ಫ್ರೀಜರ್‌ನ ಬಟಾಣಿ. ಎಲೆಕೋಸು ಇಡಿಯಾಗಿದ್ದರೆ ಎರಡು ವಾರವೂ ಕೆಡುವುದಿಲ್ಲ, ಅದನ್ನು ಸೋಮವಾರವೇ ಖಾಲಿ ಮಾಡಿ ಶುಕ್ರವಾರ ಬಾಡಿದ ಸೊಪ್ಪು ಚೆಲ್ಲುವುದು ತೀರಾ ಸಾಮಾನ್ಯವಾದ ತಪ್ಪು. ಯಾವ ದಿನ ಏನು ಎಂಬುದನ್ನು ಚೀಟಿಯಲ್ಲಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ. ಸಂಜೆ ಏಳಕ್ಕೆ ನಿಂತು ಏನು ಮಾಡಲಿ ಎಂದು ಯೋಚಿಸುವುದಕ್ಕೇ ಹತ್ತು ನಿಮಿಷ ಹೋಗುತ್ತದೆ.

ಒಲೆಗುಂಡು:

ಈ ಚೀಟಿಯ ಮಾತು ಬಹಳ ಸರಿ. ಊಟದ ಹೆಸರನ್ನೇ ಬರೆಯಬೇಕೆಂದೂ ಇಲ್ಲ. 'ಕಾಳು + ಸೊಪ್ಪು', 'ಮೊಟ್ಟೆ + ಎಲೆಕೋಸು' ಎಂದಿದ್ದರೂ ಸಾಕು.

ಸೌಟು:

ಸಂಜೆಯ ಕ್ರಮ ಬರೆಯುತ್ತೇನೆ. ಬಾಣಲೆಗೆ ಕೈ ಹಾಕುವ ಮುನ್ನ ತಾನಾಗಿ ಬೇಯುವುದನ್ನು ಒಲೆಗೆ ಏರಿಸಿ, ಅದೇ ಮೊದಲ ನಿಯಮ.

7:00, ಅಕ್ಕಿ ತೊಳೆದು ಒಂದು ಉರಿಗೆ. ಎಲೆಕ್ಟ್ರಿಕ್ ಕೆಟಲ್ ಇದ್ದರೆ ನೀರನ್ನು ಅದರಲ್ಲೇ ಕಾಯಿಸಿ ಹಾಕಿ. 1500 ವಾಟ್‌ನದು ಒಂದು ಲೀಟರ್ ನೀರನ್ನು ಸುಮಾರು 4 ನಿಮಿಷಕ್ಕೆ ಕುದಿಸುತ್ತದೆ. 7:05, ಇನ್ನೊಂದು ಉರಿಯಲ್ಲಿ ಈರುಳ್ಳಿಯ ಪಾಲು, ಶುಂಠಿ ಬೆಳ್ಳುಳ್ಳಿ ಗುಳಿಗೆ, ಮಸಾಲೆ ಪುಡಿ. ಪುಡಿ ಎಣ್ಣೆಯಲ್ಲಿ 30 ಸೆಕೆಂಡು ಹುರಿದರೆ ಸಾಕು, ಹೆಚ್ಚಾದರೆ ಸೀದು ಕಹಿ. 7:10, ಟೊಮೆಟೊ, 7:15ಕ್ಕೆ ಬೆಂದ ಕಾಳನ್ನು ಅದರ ಕಟ್ಟಿನ ಸಮೇತ ಹಾಕಿ ಸಣ್ಣ ಉರಿ. ಕಟ್ಟು ಚೆಲ್ಲಬೇಡಿ, ಗಟ್ಟಿತನ ಬರುವುದೇ ಅದರಿಂದ. 7:25ಕ್ಕೆ ಅನ್ನ ಇಳಿಸಿದರೆ ಆ ಉರಿ ತರಕಾರಿಗೆ ಸಿಗುತ್ತದೆ. ಅನ್ನ ಮುಚ್ಚಿಕೊಂಡು ಹತ್ತು ನಿಮಿಷ ತನ್ನ ಹಬೆಯಲ್ಲೇ ಇರಲಿ. 7:40ಕ್ಕೆ ತರಕಾರಿಯೂ ಆಗುತ್ತದೆ, ಇನ್ನುಳಿದ 20 ನಿಮಿಷ ತಡವಾದ ದಿನಕ್ಕೆ ಮೀಸಲು.

ತರಕಾರಿಯಲ್ಲಿ ಕೆಡುವುದು ಒಂದೇ ಕಡೆ. 28 ಸೆಂಟಿಮೀಟರ್ ಬಾಣಲೆಗೆ 300 ಗ್ರಾಂಗಿಂತ ಹೆಚ್ಚು ತುಂಬಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಎರಡು ಸಲ ಮಾಡುವುದೇ ಬೇಗ ಆಗುತ್ತದೆ, ಒಂದೇ ಸಲ ತುಂಬಿ ನೀರು ಇಂಗಲಿ ಎಂದು ಕಾಯುವುದಕ್ಕಿಂತ.

ಈಳಿಗೆಮಣೆ:

ಇಷ್ಟೆಲ್ಲ ಹೇಳಿದೆವು, ಚಾಕುವಿನ ಮಾತು ಯಾರೂ ಎತ್ತಲಿಲ್ಲ. ಮೊಂಡು ಚಾಕುವಿನಲ್ಲಿ ಒಂದೂವರೆ ಕಿಲೋ ಈರುಳ್ಳಿ ಅರ್ಧ ಗಂಟೆ, ಹರಿತವಾದದ್ದರಲ್ಲಿ ಹದಿನೈದು ನಿಮಿಷ. ಕಣ್ಣೀರೂ ಕಡಿಮೆ, ಮೊಂಡು ಅಲಗು ಈರುಳ್ಳಿಯನ್ನು ಜಜ್ಜುತ್ತದೆ, ಉರಿ ಬರಿಸುವ ಅಂಶ ಹೆಚ್ಚು ಹೊರಬರುತ್ತದೆ. ಹಣ್ಣಾದ ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಎಳೆದು ನೋಡಿ, ಜಾರಿದರೆ ಸಾಣೆ ಹಿಡಿಯಬೇಕು. 1000 ಗ್ರಿಟ್‌ನ ಒಂದು ಸಾಣೆಕಲ್ಲು, ತಿಂಗಳಿಗೊಮ್ಮೆ ಹತ್ತು ನಿಮಿಷ. ಹೆಚ್ಚುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಮಣೆ ಜಾರುತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ. ಸಿಪ್ಪೆ ಹಾಕಲು ಒಂದು ದೊಡ್ಡ ಬೋಗುಣಿ ಪಕ್ಕದಲ್ಲಿರಲಿ, ಪ್ರತಿ ಸಲ ಕಸದ ಬುಟ್ಟಿಗೆ ನಡೆಯುವುದು ತಪ್ಪುತ್ತದೆ.

ಇನ್ನೊಂದು, ಅಡುಗೆ ಶುರು ಮಾಡುವಾಗ ಸಿಂಕ್ ಖಾಲಿ ಇರಬೇಕು. ತುಂಬಿದ ಸಿಂಕ್‌ನಲ್ಲಿ ಅಕ್ಕಿ ತೊಳೆಯಲೂ ಜಾಗವಿರುವುದಿಲ್ಲ.

ಹರಿವಾಣ:

ತುಂಬಾ ಉಪಕಾರವಾಯಿತು. ಫ್ರೀಜರ್ ಬಗ್ಗೆ ಇನ್ನೊಂದು ಪ್ರಶ್ನೆ. ಕಾಳು, ಈರುಳ್ಳಿ ಸರಿ. ಆಲೂಗಡ್ಡೆ ಹಾಕಿದ ಪಲ್ಯ, ಮೊಸರು ಬೆರೆಸಿದ್ದು ಇಡಬಹುದೇ? ತೆಗೆದ ಮೇಲೆ ಕರಗಿಸುವುದು ಹೇಗೆ?

ನೆಲುವು:

ಬೆಂದ ಆಲೂಗಡ್ಡೆ ಹೋಳು ಫ್ರೀಜರ್‌ನಿಂದ ತೆಗೆದಾಗ ನೀರು ಬಿಟ್ಟು ತರಿತರಿಯಾಗುತ್ತದೆ, ಮಸೆದದ್ದಾದರೆ ಪರವಾಗಿಲ್ಲ. ಮೊಸರು ಒಡೆಯುತ್ತದೆ, ಅದನ್ನು ಬಿಸಿ ಮಾಡಿದ ಮೇಲೆ ಬೆರೆಸಿ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರ್‌ನಂತಾಗುತ್ತದೆ. ಹಸಿ ಬೀನ್ಸ್ ಇಡುವುದಾದರೆ ಕುದಿಯುವ ನೀರಿನಲ್ಲಿ 3 ನಿಮಿಷ, ಬಟಾಣಿಗೆ ಒಂದೂವರೆ ನಿಮಿಷ, ತಕ್ಷಣ ಐಸ್ ನೀರಿಗೆ. ಹಾಗೆ ಮಾಡದಿದ್ದರೆ ಕಿಣ್ವಗಳು ಕೆಲಸ ಮಾಡುತ್ತಲೇ ಇದ್ದು ಬಣ್ಣವೂ ರುಚಿಯೂ ಹೋಗುತ್ತವೆ.

ಕರಗಿಸಲು ಹಿಂದಿನ ರಾತ್ರಿಯೇ ಫ್ರಿಡ್ಜ್‌ಗೆ ಇಳಿಸಿ, ಅಡುಗೆ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಬಿಡಬೇಡಿ. ಮರೆತಿದ್ದರೆ ತೆಳ್ಳಗೆ ತಟ್ಟಿದ ಕಾಳಿನ ಹಲಗೆಯನ್ನು ನೇರ ಪಾತ್ರೆಗೆ ಹಾಕಿ, ನಾಲ್ಕು ಚಮಚ ನೀರು, ಮುಚ್ಚಳ, ಸಣ್ಣ ಉರಿ. ಐದು ನಿಮಿಷದಲ್ಲಿ ಅಂಚು ಬಿಟ್ಟುಕೊಳ್ಳುತ್ತದೆ, ಸೌಟಿನಿಂದ ಒಡೆಯಿರಿ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಡಬ್ಬಿಯಲ್ಲಿ ಇಡುವುದಾದರೆ ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಡಿ, ಗಾಜಿನ ಬಾಟಲಿ ಒಡೆಯುವುದು ಇದರಿಂದಲೇ.

ಸೌಟು:

ಚೀಲದ ಮೇಲೆ ಹೆಸರು, ತಾರೀಖು, ಎಷ್ಟು ಜನರ ಪಾಲು ಇವನ್ನು ತುಂಬುವ ಮೊದಲೇ ಬರೆಯಿರಿ. ತಣ್ಣಗಾಗಿ ಹನಿ ಕಟ್ಟಿದ ಚೀಲದ ಮೇಲೆ ಪೆನ್ನೂ ಮೂಡುವುದಿಲ್ಲ, ಚೀಟಿಯೂ ಅಂಟುವುದಿಲ್ಲ.